ಕಾಲರ್ ಬದರಕ್ಕನ ಇಡೀ ಶರ್ಟು

ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಯಶವಂತಪುರದಿಂದ ಸ್ವಲ್ಪ ಆಚೆಗಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು, ರಾಧಾಮಣಿ, ಚೆಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಶರ್ಟನ್ನು ಒಳಗೂ ಹೊರಗೂ ತಿರುವಿ ನೋಡಿ, ಹೊಲಿಗೆ ಕೆಟ್ಟ ಜಾಗಕ್ಕೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುತ್ತಿದ್ದೆ. ಬಿಚ್ಚಿ ಮತ್ತೆ ಹೊಲಿಯಬೇಕಾದವರು ನನ್ನನ್ನು ಮನಸಾರೆ ಬೈದುಕೊಳ್ಳುತ್ತಿದ್ದರು. ಬೈದುಕೊಳ್ಳಲಿ ಬಿಡಿ, ಕೆಟ್ಟ ಹೊಲಿಗೆಯನ್ನು ಒಳ್ಳೆಯದು ಅನ್ನುವುದಕ್ಕೆ ನನಗೇನು ಸಂಬಳ ಕೊಡುತ್ತಿರಲಿಲ್ಲ. ಕೆಲಸ ಹೋದ ಮೇಲೂ ಚಾಳಿ ಹೋಗಿಲ್ಲ. ಇವತ್ತಿಗೂ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ನನ್ನ ಕಣ್ಣು ಹೋಗುವುದು ಎದುರಿನವರ ರವಿಕೆಯ ತೋಳಿಗೆ.

ಅಂಥ ನನ್ನಿಂದ ಒಂದೇ ಒಂದು ಬಾಣವನ್ನೂ ತಗುಲಿಸಿಕೊಳ್ಳದವರು ನಮ್ಮ ಬ್ಯಾಚಿನಲ್ಲಿ ಒಬ್ಬರಿದ್ದರು. ಕಾಲರ್ ಬದರಕ್ಕ. ಪೂರ್ತಿ ಹೆಸರು ಬದರುನ್ನೀಸಾ. ಮನೆ ಚಿಕ್ಕಬಾಣಾವರ ಸ್ಟೇಷನ್ ಹಿಂದೆ. ಗಂಡ ನೂರುಲ್ಲಾ ಭಾಯ್ ಯಶವಂತಪುರ ಮಾರ್ಕೆಟ್ಟಿನ ಈರುಳ್ಳಿ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದಾರೆ. ಸಾಲಾಗಿ ಕೂತು ಹೊಲಿಯುವವರ ಗುಂಪಿಗೆ ನಾವು ಬ್ಯಾಚ್ ಅನ್ನುತ್ತಿದ್ದೆವು. ಒಬ್ಬೊಬ್ಬರಿಗೆ ಶರ್ಟಿನ ಒಂದೊಂದೇ ತುಂಡು. ಒಬ್ಬಳು ಜೇಬು ಹೊಲಿದು ಮುಂದಕ್ಕೆ ತಳ್ಳಿದರೆ ಮುಂದಿನವಳು ತೋಳು ಸೇರಿಸಬೇಕು, ಅದರ ಮುಂದಿನವಳು ಇನ್ನೇನೋ. ಹೆಸರಿನ ಹಿಂದೆ ಆ ತುಂಡು ತಾನಾಗಿ ಬಂದು ಕೂತುಬಿಡುತ್ತಿತ್ತು. ಬದರಕ್ಕ ಸೇರಿದ ದಿನದಿಂದ ಹೊಲಿದದ್ದು ಬರೀ ಕಾಲರ್, ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಎರಡೂ ತುದಿ ಒಂದೇ ಸಮ, ಚೂಪಾಗಿ, ಎಲ್ಲೂ ಒಂದು ಸುಕ್ಕಿಲ್ಲದೆ ಬರುತ್ತಿದ್ದವು. ಕೋಪ ಬಂದ ದಿನ ನಾನು ಬೇಕೆಂದೇ ಅವರ ಕಾಲರುಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೆ. ಏನೂ ಸಿಗದೆ ಇನ್ನಷ್ಟು ಕೋಪ ಬರುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಬಂದರೆ ಹೆಡ್ ಆಫೀಸಿನಿಂದ ಒಂದು ಹುಡುಗಿ ಮೈಕು ಹಿಡಿದು ನಿಂತಿದ್ದಳು. ಆರ್ಡರು ಬೇರೆ ದೇಶಕ್ಕೆ ಹೋಗಿದೆಯಂತೆ, ನಮ್ಮ ಬ್ಯಾಚನ್ನು ಮುಚ್ಚುತ್ತಾರಂತೆ, ಕಂಪನಿಗೆ ನಮ್ಮ ಮೇಲೆ ಬಹಳ ಗೌರವವಂತೆ. ಕೆಲವರು ಅಲ್ಲೇ ಅಳತೊಡಗಿದರು. ನಾನು ಸ್ಟಿಕ್ಕರಿನ ರೋಲನ್ನು ಸೂಪರ್‌ವೈಸರ್ ಟೇಬಲ್ಲಿಗೆ ಎಸೆದು, ಆ ಗೌರವವನ್ನು ಅವನೇ ಇಟ್ಟುಕೊಳ್ಳಲಿ ಅಂದು ಬ್ಯಾಗು ಎತ್ತಿಕೊಂಡೆ. ಬದರಕ್ಕ ಮಾತ್ರ ತಮ್ಮ ಜಾಗಕ್ಕೆ ಹೋಗಿ ಕೂತರು. ಬಂಡಲ್ಲಿನಲ್ಲಿ ಅರ್ಧದಷ್ಟು ಕಾಲರುಗಳು ಬಾಕಿ ಇದ್ದವು. ಇನ್ನು ಅದು ಯಾರಿಗೂ ಬೇಡ ಅಂತ ಸೂಪರ್‌ವೈಸರ್ ಹೇಳಿದರೂ ಕೇಳಲಿಲ್ಲ. ಎಲ್ಲವನ್ನೂ ಹೊಲಿದು, ಎಣಿಸಿ, ಕಟ್ಟಿ ಮುಂದಿನ ಟೇಬಲ್ಲಿಗೆ ಇಟ್ಟು, ಮಿಷನ್ನು ಒರೆಸಿ ಮುಚ್ಚಿದರು. ಅವರ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಗೇಟಿನ ತನಕ ನಡೆಯುವಾಗ ಅವರ ಪಕ್ಕದಲ್ಲಿದ್ದೇನೆ ಅನ್ನುವುದೇ ನನಗೆ ಹೆಮ್ಮೆಯಾಗಿತ್ತು.

ಇದಕ್ಕೆ ಸ್ವಲ್ಪ ದಿನ ಮೊದಲು ಅವರ ಮಗಳು ಮುನ್ನಿಗೆ ಆರ್.ಟಿ. ನಗರದ ಸಂಬಂಧ ಕೂಡಿಬಂದಿತ್ತು. ಹುಡುಗ ನಯೀಮ್, ಹೆಬ್ಬಾಳದ ಕಾರ್ ಶೋರೂಮಿನಲ್ಲಿ ಕೆಲಸ. ತಾಯಿ ಗಜಾಲಾ ಮೇಡಂ ಸ್ಕೂಲ್ ಟೀಚರು. ಅವರಲ್ಲಿ ನಿಶ್ಚಿತಾರ್ಥಕ್ಕೆ ಮಂಗ್ನಿ ಅನ್ನುತ್ತಾರೆ. ಹುಡುಗನ ಬಟ್ಟೆ ಹೆಣ್ಣಿನ ಕಡೆಯಿಂದಲೇ ಹೋಗಬೇಕು. ಮಾತುಕತೆಯ ದಿನ ಬದರಕ್ಕ ಎದೆಯುಬ್ಬಿಸಿಕೊಂಡು, ವಿದೇಶದವರಿಗೆಲ್ಲ ಹೊಲಿದಿದ್ದೇನೆ, ಅಳಿಯನಿಗೆ ಅಂಗಡಿ ಶರ್ಟು ಯಾಕೆ, ನಾನೇ ಹೊಲಿದು ತರುತ್ತೇನೆ ಅಂದುಬಿಟ್ಟಿದ್ದರು.

ಕೆಲಸ ಹೋದ ಸುದ್ದಿ ತಿಳಿದು ಗಜಾಲಾ ಮೇಡಂ ಫೋನ್ ಮಾಡಿದಾಗ ನಾನು ಬದರಕ್ಕನ ಮನೆಯಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದರಿಂದ ಆ ಕಡೆಯ ಮಾತೂ ಕೇಳುತ್ತಿತ್ತು. ಅವರ ಮನೆಮಾತು ದಖ್ಖನಿ ಉರ್ದು, ಬದರಕ್ಕನ ಜೊತೆ ಇದ್ದು ಇದ್ದು ನನಗೆ ಮುಕ್ಕಾಲು ಅರ್ಥವಾಗುತ್ತದೆ. ಇಂಥ ಕಷ್ಟದಲ್ಲಿ ಶರ್ಟಿನ ತಾಪತ್ರಯ ಬೇಡ, ನಾವೇ ತಂದುಕೊಳ್ಳುತ್ತೇವೆ ಅಂತ ಆಕೆ ಹೇಳಿದ್ದು. ಕೊಂಕಿನ ಮಾತಲ್ಲ, ಕನಿಕರದ ಮಾತು. ಬದರಕ್ಕನಿಗೆ ಅದೇ ಚುಚ್ಚಿತು. ಹೋಗಿರುವುದು ಕೆಲಸ, ಕೈಯಲ್ಲ, ಇಡೀ ಶರ್ಟನ್ನು ನನ್ನ ಕೈಯಾರೆ ಹೊಲಿದು ತರುತ್ತೇನೆ, ಒಂದು ತಪ್ಪು ಕಂಡರೂ ನಯೀಮ್ ಅದನ್ನು ಹಾಕಿಕೊಳ್ಳುವುದು ಬೇಡ ಅಂತ ಹೇಳಿ ಫೋನ್ ಇಟ್ಟರು.

ನನಗೆ ಅನುಮಾನ ಬಂತು. ಕೇಳಿಯೇಬಿಟ್ಟೆ.

"ಬದರಕ್ಕ, ಯಾವತ್ತಾದ್ರೂ ಇಡೀ ಶರ್ಟ್ ಹೊಲ್ದಿದ್ದೀರಾ?"

ಅವರು ಫೋನನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟರು.

"ಕಾಲರ್ ಹೊಲ್ದಿದ್ದೀನಿ," ಅಂದರು.

ನಗಬೇಡಿ. ನಮ್ಮ ನೆಂಟರೂ ಹೀಗೇ ನಗುತ್ತಾರೆ. ಇಷ್ಟು ವರ್ಷ ಗಾರ್ಮೆಂಟ್ಸಿನಲ್ಲಿದ್ದು ಒಂದು ರವಿಕೆ ಹೊಲಿಯೋಕೆ ಬರಲ್ವಾ ಅಂತ ಕೇಳುತ್ತಾರೆ. ಬರಲ್ಲ, ಏನೀಗ? ಕಲಿಸಿದವರು ಯಾರು? ಬೇಗ ಬೇಗ ಕೆಲಸ ಆಗಲಿ ಅಂತ ಒಬ್ಬೊಬ್ಬರ ಕೈಗೆ ಒಂದೊಂದು ತುಂಡು ಕೊಟ್ಟರು. ಗೇಟಿನಾಚೆ ಕಳಿಸಿದ ದಿನ ಆ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಎಲ್ಲರೂ ಅವರವರ ಮನೆಗೆ ಹೋದೆವು. 

ಆದರೂ ಬದರಕ್ಕ ಕೈಕಟ್ಟಿ ಕೂರಲಿಲ್ಲ. ತಿಳಿನೀಲಿ ಬಣ್ಣದ ಒಳ್ಳೆಯ ಬಟ್ಟೆ ತಂದರು. ನಯೀಮನದೂ ಹೆಚ್ಚುಕಡಿಮೆ ಅದೇ ಮೈಕಟ್ಟು ಅಂತ, ನೂರುಲ್ಲಾ ಭಾಯ್ ರಂಜಾನಿಗೆ ಹೊಲಿಸಿಕೊಂಡಿದ್ದ ಶರ್ಟನ್ನು ಬಿಚ್ಚಿ, ತುಂಡುಗಳನ್ನು ಬಟ್ಟೆಯ ಮೇಲೆ ಹರಡಿ, ಅಂಚಿಗೆ ಸರಿಯಾಗಿ ಕತ್ತರಿಸಿದರು. ಬಿಚ್ಚುವಾಗ ಮಡಿಕೆಯೊಳಗಿನ ಬಟ್ಟೆಯನ್ನೆಲ್ಲ ಹಾಗೇ ಒಳಕ್ಕೆ ಮಡಚಿಟ್ಟಿದ್ದರು. ಹೊಲಿಗೆಗೆ ಅಂತ ಸುತ್ತಲೂ ಒಂದಿಷ್ಟು ಹೆಚ್ಚು ಬಿಡಬೇಕು ಅನ್ನುವುದು ಅವರ ತಲೆಗೇ ಬರಲಿಲ್ಲ. ಫ್ಯಾಕ್ಟರಿಯಲ್ಲಿ ಆ ಲೆಕ್ಕವೆಲ್ಲ ಕಟಿಂಗ್ ಸೆಕ್ಷನ್ನಿನಲ್ಲೇ ಮುಗಿದು ಬರುತ್ತಿತ್ತು. ಹೊಲಿದು ಗಂಡನಿಗೆ ತೊಡಿಸಿದರೆ ಎದೆಯ ಎರಡೂ ಅಂಚು ಸೇರುತ್ತಿಲ್ಲ. ಪಾಪ, ಆ ಮನುಷ್ಯ ಉಸಿರು ಒಳಗೆಳೆದುಕೊಂಡು ನಿಂತು, ಕರೆಕ್ಟಾಗಿದೆ ಕಣೇ ಅಂದರಂತೆ. ನಾನು ಹೋಗಿ ನೋಡಿದಾಗ ಶರ್ಟು ಮಂಚದ ಮೇಲೆ ಬಿದ್ದಿತ್ತು. ತೋಳು ಒಂದು ದಿಕ್ಕಿಗೆ, ಮೈ ಒಂದು ದಿಕ್ಕಿಗೆ. ಕಾಲರ್ ಮಾತ್ರ ಯಾವ ಸಾಹೇಬನ ಕೊರಳಿಗಾದರೂ ಸರಿ ಅನ್ನುವಂತೆ ನೆಟ್ಟಗೆ ನಿಂತಿತ್ತು.

ಮುನ್ನಿ ಒಂದು ಉಪಾಯ ಹೇಳಿದಳು. ಅಂಗಡಿಯಲ್ಲಿ ಇದೇ ಬಣ್ಣದ ಶರ್ಟು ತಂದು, ಕಾಲರಿನ ಒಳಗಿರುವ ಕಂಪನಿ ಹೆಸರಿನ ಪಟ್ಟಿ ಬಿಚ್ಚಿ ಹಾಕಿದರೆ ಮುಗಿಯಿತು. ಬದರಕ್ಕ ಮಗಳನ್ನು ಗದರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಷ್ಟು ವರ್ಷ ನಾವು ಹೊಲಿದದ್ದಕ್ಕೆ ಯಾರದೋ ಹೆಸರು ಅಂಟಿಸಿ ಮಾರಿದರು, ಈಗ ಯಾರೋ ಹೊಲಿದದ್ದಕ್ಕೆ ನನ್ನ ಹೆಸರು ಹಾಕಿಕೊಳ್ಳಲಾ ಅಂತ ಕೇಳಿದರು. ಮುನ್ನಿ ಎದ್ದು ಒಳಗೆ ಹೋದಳು. ಆಮೇಲೆ ಬದರಕ್ಕ ನನ್ನ ಕಡೆ ತಿರುಗಿ, ಬೀಗರ ಮುಂದೆ ದೊಡ್ಡ ಮಾತಾಡಿ ಮಗಳ ಮರ್ಯಾದೆ ಕಳೆದೆ ರಾಧಾ ಅಂದರು.

ನನಗೆ ರೇಗಿತು. ಅಲ್ಲ, ಇವರು ಯಾವತ್ತು ಒಬ್ಬರೇ ಶರ್ಟು ಹೊಲಿದಿದ್ದರು ಅಂತ ಈಗ ಒಬ್ಬರೇ ಹೊಲಿಯಬೇಕು?

"ಬ್ಯಾಚ್ ಕರೀರಿ," ಅಂದೆ.

ಕೈಯಾರೆ ಹೊಲಿಯುತ್ತೇನೆ ಅಂತ ಮಾತು ಕೊಟ್ಟಿದ್ದೇನಲ್ಲ ಅಂತ ಅವರು ಹಿಂದೆಮುಂದೆ ನೋಡಿದರು. ಅದನ್ನು ಆಮೇಲೆ ನೋಡಿಕೊಳ್ಳೋಣ ಅಂತ ನಾನೇ ಎಲ್ಲರಿಗೂ ಫೋನ್ ಮಾಡಿದೆ. ಭಾನುವಾರ ಮೂವರು ಬಂದರು. ನಮ್ಮ ಬ್ಯಾಚಿಗೆ ಬಟ್ಟೆ ಕತ್ತರಿಸಿ ಕೊಡುತ್ತಿದ್ದ ಕಟಿಂಗ್ ಮುಜಫ್ಫರ್ ಈಗ ಆಟೋ ಓಡಿಸುತ್ತಾನೆ, ಅದರಲ್ಲೇ ಬಂದ. ತೋಳು, ಕಫ್ಫು ಮಾಡುತ್ತಿದ್ದ ಸೊಣ್ಣಮ್ಮ ಹೆಸರಘಟ್ಟದ ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದ್ದಳು, ಉಗುರಿನಲ್ಲಿ ಮಣ್ಣಿತ್ತು. ಜೇಬು ಮತ್ತು ಮುಂಭಾಗದ ರತ್ನಕ್ಕ ಯಲಹಂಕದಲ್ಲಿ ಯಾರದೋ ಮನೆಯ ಅಡುಗೆ ಮುಗಿಸಿ ಬಂದರು. ನಯೀಮನ ಅಳತೆಯನ್ನು ಮುನ್ನಿ ಮೊಬೈಲಿನಲ್ಲೇ ತರಿಸಿಕೊಂಡಿದ್ದಳು, ನಾಚಿಕೆ ಗೀಚಿಕೆ ಏನೂ ಇರಲಿಲ್ಲ.

ಬದರಕ್ಕ ಅದೇ ಬಣ್ಣದ ಬಟ್ಟೆ ಮತ್ತೆ ತಂದಿಟ್ಟಿದ್ದರು. ಮುಜಫ್ಫರ್ ಅದನ್ನು ನೆಲದ ಮೇಲೆ ಹಾಸಿ, ಚಾಕಿನಲ್ಲಿ ಗೆರೆ ಎಳೆದು, ಕತ್ತರಿ ಹಿಡಿದವನು ಅದನ್ನು ಮತ್ತೆ ಕೆಳಗಿಟ್ಟ. ಅಟ್ಟಿಗಟ್ಟಲೆ ಬಟ್ಟೆಯನ್ನು ಒಟ್ಟಿಗೆ ಮಿಷನ್ನಿನಲ್ಲಿ ಕೊಯ್ಯುತ್ತಿದ್ದವನು ಒಂದೇ ಗೆರೆಯನ್ನು ಮತ್ತೆ ಮತ್ತೆ ಅಳೆದು ನೋಡಿದ.

"ಅಲ್ಲಿ ಒಂದು ಹಾಳಾದ್ರೆ ಇನ್ನೊಂದು ಇರ್ತಿತ್ತಕ್ಕ. ಇದು ಒಂದೇ ಅಲ್ವಾ," ಅಂದ.

ಇದ್ದದ್ದು ಒಂದೇ ಮಿಷನ್ನು. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಯಾರೂ ಹೇಳದಿದ್ದರೂ ಬ್ಯಾಚಿನಲ್ಲಿದ್ದ ಸಾಲಿನಲ್ಲೇ ಕೂತಿದ್ದರು. ನನಗೆ ಸ್ಟಿಕ್ಕರ್ ಇರಲಿಲ್ಲ. ಸೊಣ್ಣಮ್ಮನ ತೋಳಿನಲ್ಲಿ ಸಣ್ಣ ಸುಕ್ಕು ಕಂಡಾಗ ಹಣೆಯಲ್ಲಿದ್ದ ಸ್ಟಿಕ್ಕರ್ ಬಿಂದಿಯನ್ನೇ ಕಿತ್ತು ಅಲ್ಲಿಗೆ ಅಂಟಿಸಿದೆ. ಇಂಗೇ ಮಾಡ್ತಿದ್ರೆ ನಿಮ್ಮನ್ನ ಯಾರು ಕೆಲ್ಸುಕ್ಕೆ ಇಟ್ಕಂತಾರೆ ಅಂತ ಅವಳು ಬೈದು ಬಿಚ್ಚಿದಳು. ಮತ್ತೆ ಹೊಲಿದಳು, ಮತ್ತೆ ಅಂಟಿಸಿದೆ, ಮತ್ತೆ ಬೈದು ಬಿಚ್ಚಿದಳು. ಎಷ್ಟೋ ದಿನದ ಮೇಲೆ ಎಲ್ಲರೂ ಹೊಟ್ಟೆ ತುಂಬ ನಕ್ಕೆವು. ಗುಂಡಿ ಹಾಕುವ ತೂತಿಗೆ, ಅಂದರೆ ಕಾಜಾಕ್ಕೆ, ಬೇರೆಯೇ ಮಿಷನ್ನು ಬೇಕು. ಮುಜಫ್ಫರ್ ಆಟೋದಲ್ಲಿ ಯಶವಂತಪುರಕ್ಕೆ ಹೋಗಿ ಕಾಜಾ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದ.

ಸಂಜೆಗೆ ಶರ್ಟು ಮುಗಿಯಿತು. ಹ್ಯಾಂಗರಿಗೆ ಹಾಕಿ ಬಾಗಿಲಿಗೆ ತೂಗುಬಿಟ್ಟು ಎಲ್ಲರೂ ನೋಡುತ್ತಾ ನಿಂತೆವು. ಲೆಕ್ಕವಿಲ್ಲದಷ್ಟು ಶರ್ಟುಗಳು ನಮ್ಮ ಕೈ ದಾಟಿ ಹೋಗಿವೆ. ಅದರಲ್ಲಿ ಒಂದನ್ನಾದರೂ ನಮಗೆ ಗೊತ್ತಿರುವವರು ತೊಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ನಾನು ಬಿಂದಿಯನ್ನು ಮತ್ತೆ ಹಣೆಗೆ ಅಂಟಿಸಿಕೊಂಡೆ. ಹೊರಡುವಾಗ, ಮಂಗ್ನಿಯಲ್ಲಿ ಯಾರೂ ಬಾಯಿ ಬಿಡಬೇಡಿ, ಅದು ಬದರಕ್ಕ ಹೊಲಿದದ್ದು ಅಷ್ಟೇ ಅಂತ ಎಲ್ಲರಿಗೂ ತಾಕೀತು ಮಾಡಿದೆ. ಬದರಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮಂಗ್ನಿ ನಡೆದದ್ದು ಚಿಕ್ಕಬಾಣಾವರದ ಒಂದು ಸಣ್ಣ ಫಂಕ್ಷನ್ ಹಾಲಿನಲ್ಲಿ. ನಾವು ನಾಲ್ಕೂ ಜನ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದೆವು. ನಯೀಮ್ ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದ. ಭುಜಕ್ಕೆ ಸರಿಯಾಗಿ ಕೂತಿತ್ತು, ಅಳೆದಿಟ್ಟ ಹಾಗೆ. ಸೊಣ್ಣಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಜಾಲಾ ಮೇಡಂ ಮಗನ ಕಾಲರ್ ತುದಿಯನ್ನು ಬೆರಳಿನಲ್ಲಿ ಸವರಿ ನೋಡಿದರು. ಆಮೇಲೆ ತಮ್ಮ ನೆಂಟರ ಕಡೆ ತಿರುಗಿ, ಇದನ್ನು ಪೂರ್ತಿ ನಮ್ಮ ಬೀಗಿತ್ತಿಯೇ ತಮ್ಮ ಕೈಯಾರೆ ಹೊಲಿದಿದ್ದು ಅಂತ ಹೇಳಿದರು. ಎಲ್ಲರೂ ಬದರಕ್ಕನನ್ನು ನೋಡಿದರು. ಒಂದು ನಗು ನಕ್ಕಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಗಿಸಪ್ಪಾ ದೇವರೇ, ಒಂದು ಸಲ ನಗಿಸಪ್ಪಾ ಅಂತ ನಾನು ಬೇಡಿಕೊಳ್ಳುತ್ತಿದ್ದೆ.

ಬದರಕ್ಕ ಎದ್ದು ನಿಂತರು. ನಮಗೆ ಅರ್ಥವಾಗಲಿ ಅಂತಲೇ ಇರಬೇಕು, ಕನ್ನಡದಲ್ಲಿ ಮಾತಾಡಿದರು.

"ನಾನು ಹೊಲ್ದಿದ್ದು ಕಾಲರ್ ಮಾತ್ರ. ನಂಗೆ ಬರೋದು ಅದೊಂದೇ. ಉಳ್ದಿದ್ದು ನನ್ನ ಬ್ಯಾಚ್‌ನೋರು ಹೊಲ್ದಿದ್ದು."

 ಮುನ್ನಿ ತಲೆ ತಗ್ಗಿಸಿದಳು. ಬದರಕ್ಕ ನಿಲ್ಲಿಸಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಮುಂದಕ್ಕೆ ಕರೆದರು. ಕತ್ತರಿಸಿದ್ದು ಮುಜಫ್ಫರ್, ಜೇಬು ಮತ್ತು ಮುಂಭಾಗ ರತ್ನಕ್ಕ, ತೋಳು ಸೊಣ್ಣಮ್ಮ. ಕಾಜಾ ಮಾತ್ರ ಯಶವಂತಪುರದ ಅಂಗಡಿಯದು ಅನ್ನುವುದನ್ನೂ ಬಿಡದೆ ಹೇಳಿದರು. ಸೊಣ್ಣಮ್ಮ ಉಗುರು ಕಾಣದಂತೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು.

ಗಜಾಲಾ ಮೇಡಂ ನನ್ನನ್ನು ತೋರಿಸಿ, ಇವರೇನು ಹೊಲಿದರು ಅಂತ ಕೇಳಿದರು.

"ಇವಳು ಏನೂ ಹೊಲ್ದಿಲ್ಲ," ಅಂದರು ಬದರಕ್ಕ. "ಇವಳು ನೋಡಿ ಬಿಡೋವರ್ಗೂ ನಮ್ಮ ಬ್ಯಾಚಿಂದ ಒಂದು ಶರ್ಟೂ ಆಚೆ ಹೋಗಿಲ್ಲ."

ಮೇಡಂ ನಮ್ಮ ಕಡೆ ಬಂದರು. ಸೊಣ್ಣಮ್ಮನ ಹತ್ತಿರ ಹೋಗಿ, ಸೆರಗಿನೊಳಗಿದ್ದ ಕೈಯನ್ನು ಬಿಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಮಗನನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

"ಒಂದು ತಪ್ಪಿದ್ರೂ ಹುಡುಗ ಹಾಕ್ಕೊಳ್ಳೋದು ಬೇಡ ಅಂದಿದ್ರು ನಮ್ಮ ಬೀಗಿತ್ತಿ. ನೀವೇ ನೋಡಿ ಹೇಳಿ."

ಅಷ್ಟು ಜನರ ಮುಂದೆ ನಾನು ಶರ್ಟನ್ನು ನೋಡಿದೆ. ಕಾಟಾಚಾರಕ್ಕಲ್ಲ, ಟೇಬಲ್ಲಿನ ಮೇಲೆ ನೋಡುತ್ತಿದ್ದ ಹಾಗೇ. ಭುಜ, ತೋಳು, ಕಫ್ಫು, ಜೇಬು, ಕೆಳಗಿನ ಮಡಿಕೆ. ಕೊನೆಗೆ ಕಾಲರು. ಹುಡುಗ ಕೈ ಅಗಲಿಸಿ ನಿಂತಿದ್ದ. ಇಷ್ಟು ವರ್ಷದಲ್ಲಿ ನಾನು ತಪ್ಪಿದ್ದರೆ ಬಾಣ ಅಂಟಿಸಿದ್ದೇನೆ, ಇಲ್ಲದಿದ್ದರೆ ಸುಮ್ಮನೆ ಮುಂದಕ್ಕೆ ತಳ್ಳಿದ್ದೇನೆ. ಚೆನ್ನಾಗಿದೆ ಅಂತ ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ.

"ಪಾಸ್," ಅಂದೆ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಅಂದೆ.

ಕೆಲಸ ಹೋದ ದಿನ ಅಳದಿದ್ದ ಬದರಕ್ಕ ಆಗ ಅತ್ತರು.