ನಿನ್ನ ಅಪ್ಪನ ಚಿನ್ನದ ನಿಬ್ಬು

ಪದ್ಮಾ, ನಿನ್ನ ಅಪ್ಪನ ಪೆನ್ನನ್ನು ಕದ್ದವನು ನಾನು. ಸುಂದರಂ ದೊರೆ ನಿನ್ನ ಅಪ್ಪನಿಗೆ ಹಿತ್ತಾಳೆ ನಿಬ್ಬಿನ ಪೆನ್ನು ಕೊಟ್ಟು, ಚಿನ್ನ ಅಂತ ಹೇಳಿ ಮೋಸ ಮಾಡಿದರು ಎಂದು ನಮ್ಮ ಮನೆಗಳಲ್ಲಿ ಇಷ್ಟು ವರ್ಷ ಆಡಿಕೊಂಡು ಬಂದಿದ್ದೇವಲ್ಲ — ಅದು ಸುಳ್ಳು. ದೊರೆ ಕೊಟ್ಟದ್ದು ಚಿನ್ನದ ನಿಬ್ಬೇ. ಅದನ್ನು ಹಿತ್ತಾಳೆ ಮಾಡಿದವನು ನಿನ್ನ ಸೋದರಮಾವ, ಬಂಗಾರಪೇಟೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ನಾರಾಯಣಸ್ವಾಮಿ.

ಹೋದ ಬೇಸಿಗೆಯಲ್ಲಿ ನಿನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗ ಊಟಕ್ಕೆ ಬಂದವರೊಬ್ಬರು ಅವನಿಗೊಂದು ಪೆನ್ನು ಕೊಟ್ಟರು. ನೀನು ಒಬ್ಬಟ್ಟು ಬಡಿಸುತ್ತಿದ್ದವಳು ನಿಂತು, "ಲೇ, ನಿಬ್ಬು ಒರೆಗೆ ಹಚ್ಚಿ ನೋಡ್ಕೊಳ್ಳೋ, ನಿಮ್ ತಾತಂಗೆ ದೊರೆ ಕೊಟ್ಟಂಗೆ ಆಗ್ಬಿಟ್ಟಾತು!" ಅಂದೆ. ಪಂಕ್ತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನನ್ನ ಎಡಗೈ ಅಂಗಿಯ ಜೇಬಿಗೆ ಹೋಗಿತ್ತು. ಜೇಬು ಖಾಲಿ ಇತ್ತು. ಆ ಪೆನ್ನನ್ನು ನಾನು ಮನೆಯಿಂದ ಹೊರಗೆ ತರುವುದನ್ನು ಬಿಟ್ಟು ವರ್ಷಗಳಾಗಿವೆ.

ನಾಚಿಕೆಯಾಯಿತು ಎಂದು ಬರೆಯಬೇಕು. ಮೇಷ್ಟ್ರಾಗಿ ಇಷ್ಟು ಪ್ರಬಂಧ ತಿದ್ದಿದ್ದೇನೆ, ಇಲ್ಲಿ ಯಾವ ಮಾತು ಬರಬೇಕು ಎಂಬುದು ಗೊತ್ತು. ಆದರೆ ನಿಜ ಹೇಳುತ್ತೇನೆ — ಏನೂ ಆಗಲಿಲ್ಲ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ತಿಂದೆ. ನಿಧಾನಕ್ಕೆ, ಮನೆಗೆ ಬಂದ ಮೇಲೆ, ಹೀಗೆ ಏನೂ ಆಗದೆ ಇರುವುದರ ಬಗ್ಗೆಯೇ ಭಯವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನೀನಾಗ ಲಂಗ ಹಾಕಿಕೊಂಡು ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನ ಮನೆಗಳ ಮುಂದೆ ಕುಂಟೆಬಿಲ್ಲೆ ಆಡುತ್ತಿದ್ದವಳು. ಭಾವ ಗಣಿಯ ಆಳದಲ್ಲಿ ಮರದ ದಿಮ್ಮಿಗಳ ಆಸರೆ ಕಟ್ಟುವ ಕೆಲಸದಲ್ಲಿದ್ದರು. ಒಂದು ದಿನ ಒಳಗೆ ಬಂಡೆ ಸಿಡಿಯಿತು. ಮೇಲೆ, ಲೈನಿನಲ್ಲಿ, ಅಕ್ಕನ ಅಡುಗೆಮನೆಯ ಪಾತ್ರೆಗಳು ಗಡಗಡ ಅಂದವಂತೆ. ಸುಂದರಂ ಎಂಬ ಎಂಜಿನಿಯರು, ಎಲ್ಲರೂ ದೊರೆ ಎಂದು ಕರೆಯುತ್ತಿದ್ದವರು, ಕಾಲು ಕಲ್ಲಿನಡಿ ಸಿಕ್ಕಿಕೊಂಡು ಬಿದ್ದಿದ್ದರು. ಉಳಿದವರು ಓಡಿದರು. ಓಡುವುದೇ ಸರಿ, ಇನ್ನೊಂದು ಸಲ ಸಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಭಾವ ಓಡಲಿಲ್ಲ. ದಿಮ್ಮಿ ಕೊಟ್ಟು ಕಲ್ಲೆತ್ತಿ ಅವರನ್ನು ಎಳೆದುಕೊಂಡು ಬಂದರು. ಮನೆಗೆ ಬಂದು ಅಕ್ಕನಿಗೆ ಹೇಳಿದ್ದು, "ದೊರೆ ಕಾಲಿಗೆ ಏಟಾಗೈತೆ, ಪಾಪ" ಅಂತ ಅಷ್ಟೇ.

ದೊರೆ ನಿವೃತ್ತರಾಗಿ ಮದ್ರಾಸಿಗೆ ಹೊರಟ ದಿನ ಭಾವನನ್ನು ಆಫೀಸಿಗೆ ಕರೆಸಿ, ತಮ್ಮ ಜೇಬಿನಲ್ಲಿದ್ದ ಪೆನ್ನನ್ನೇ ತೆಗೆದು ಅವರ ಜೇಬಿಗೆ ಸಿಕ್ಕಿಸಿದರು. ವಿದೇಶದ ಪೆನ್ನು. "ನಿಬ್ಬು ಚಿನ್ನ, ಮುನಿವೆಂಕಟಪ್ಪ. ಇಷ್ಟು ವರ್ಷ ಚಿನ್ನ ತೆಗೆದೆ, ನಿನ್ ಕೈಗೆ ಒಂದ್ ಚೂರೂ ಯಾರೂ ಕೊಡಲಿಲ್ಲ" ಅಂದರಂತೆ. ಭಾವನಿಗೆ ಸಂತೋಷಕ್ಕಿಂತ ಮೊದಲು ಹುಟ್ಟಿದ್ದು ಹೆದರಿಕೆ. ಚಿನ್ನ ಇಟ್ಟುಕೊಂಡು ಗೇಟು ದಾಟುವುದು ಹೇಗೆ? ಪಹರೆಯವನು ತಡಕುವ ಮೊದಲೇ ಪೆನ್ನನ್ನು ಜೇಬಿನಿಂದ ತೆಗೆದು, ಕೈ ಮೇಲೆತ್ತಿ ಹಿಡಿದುಕೊಂಡು, "ದೊರೆ ಕೊಟ್ಟವ್ರೆ, ದೊರೆ ಕೊಟ್ಟವ್ರೆ" ಎಂದು ಕೂಗಿಕೊಂಡೇ ಹೊರಗೆ ಬಂದರು. ಅದನ್ನು ಹೇಳಿ ಅವರೇ ನಗುತ್ತಿದ್ದರು.

ಅವರಿಗೆ ಬರೆಯಲು ಬರುತ್ತಿದ್ದದ್ದು ತಮ್ಮ ಹೆಸರು ಒಂದೇ. ಸಂಬಳದ ದಿನ ಗುಮಾಸ್ತ ಚಾಚಿದ ಪೆನ್ನನ್ನು ಪಕ್ಕಕ್ಕೆ ತಳ್ಳಿ, ತಮ್ಮದನ್ನು ತೆಗೆದು, ಕ್ಯಾಪು ತಿರುಗಿಸಿ, "ಮುನಿವೆಂಕಟಪ್ಪ" ಎಂದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು. ಹಿಂದೆ ನಿಂತವರು, "ಏ, ಬೇಗ ಬರ್ಯಣ್ಣೋ, ಹೊತ್ತು ಮುಳುಗ್ತದೆ!" ಅಂತ ರೇಗಿಸುವುದು, ತಮಿಳಿನವರು, ತೆಲುಗಿನವರು, ಎಲ್ಲರೂ ಒಂದು ಸಲ ನಿಬ್ಬು ಮುಟ್ಟಿ ನೋಡುವುದು. ಕೊಟ್ಟವರ ದೊಡ್ಡತನವೂ ತೆಗೆದುಕೊಂಡವನ ದೊಡ್ಡತನವೂ ಆ ಒಂದು ಪೆನ್ನಿನಲ್ಲಿ ಇತ್ತು. ಇದು ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಹೇಳಲಾರೆ.

ನೀರಿನಲ್ಲಿ ಶಾಯಿಮಾತ್ರೆ ಕರಗಿಸಿ ಮಾಡಿದ ಅಗ್ಗದ ಶಾಯಿ ತುಂಬಿ ತುಂಬಿ ಪೆನ್ನು ಕಟ್ಟಿಕೊಂಡಿತು. "ನೀನು ಓದಿದೋನು, ಇದ್ರ ಮರ್ಮ ನಿಂಗೇ ಗೊತ್ತು. ಸರಿ ಮಾಡ್ಕೊಂಡು ಬಾ" ಎಂದು ನನ್ನ ಕೈಗೆ ಕೊಟ್ಟರು. ರೈಲಿನಲ್ಲಿ ಬಂಗಾರಪೇಟೆ ಬರುವವರೆಗೂ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಪೆನ್ನಿನ ಹುಚ್ಚು ನನಗೆ ಮೊದಲಿಂದಲೂ ಇತ್ತು, ನಿನಗೆ ಗೊತ್ತು. ಕ್ಲಾಸಿಗೆ ಮೊದಲು ಬಂದವರಿಗೆ ನನ್ನ ಖರ್ಚಿನಲ್ಲಿ ಪೆನ್ನು ಕೊಡುತ್ತಿದ್ದೆ, ನಿನಗೂ ಕೊಟ್ಟಿದ್ದೇನೆ. ಆದರೆ ಇಂಥದ್ದನ್ನು — ಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿಟ್ಟೆ. ಹಳೇ ಶಾಯಿ ಎಳೆ ಎಳೆಯಾಗಿ ಬಿಟ್ಟಿತು. ಒರೆಸಿ, ಒಳ್ಳೆಯ ನೀಲಿಶಾಯಿ ತುಂಬಿ, ಕಾಗದದ ಮೇಲೆ ಒಂದು "ಅ" ಬರೆದೆ. ಒತ್ತಲೇ ಇಲ್ಲ. ತಾನೇ ಹೋಯಿತು. ಗೀಚುವ ಸದ್ದಿಲ್ಲ. ಕೊಂಬು, ಸುಳಿ, ಒತ್ತು — ದಪ್ಪ ಬೇಕಾದಲ್ಲಿ ದಪ್ಪ, ಸಣ್ಣ ಬೇಕಾದಲ್ಲಿ ಸಣ್ಣ. ನನ್ನ ಅಕ್ಷರ ಅಷ್ಟು ಚೆನ್ನಾಗಿರುವುದನ್ನು ನಾನು ಎಂದೂ ಕಂಡಿರಲಿಲ್ಲ. ಅಯ್ಯೋ, ಇಂಥ ನಿಬ್ಬು ತಿಂಗಳಿಗೊಂದು ಸಹಿಗೆ ಸವೆಯಬೇಕೇ ಅನ್ನಿಸಿತು. ಭಾವನಿಗೆ ಇದೂ ಒಂದೇ, ಇನ್ನೊಂದೂ ಒಂದೇ ಅನ್ನಿಸಿತು. ಹೀಗೆ ಅನ್ನಿಸಿದ್ದು ಕಳ್ಳತನ ಎಂದು ಆಗ ನನಗೆ ತೋರಲಿಲ್ಲ.

ಮದ್ರಾಸಿನಿಂದ ಮಾಲು ತಂದು ಮಾರುತ್ತಿದ್ದವನೊಬ್ಬನ ಹತ್ತಿರ ಅದರ ನಕಲು ಸಿಕ್ಕಿತು. ಅದೇ ಕಪ್ಪು ಮೈ, ಕ್ಯಾಪಿನ ಬುಡಕ್ಕೆ ಅದೇ ಎರಡು ಹಳದಿ ಬಳೆ, ಚಿನ್ನದ ನೀರು ಕೊಟ್ಟ ಹಿತ್ತಾಳೆ ನಿಬ್ಬು. ಒಂದೇ ವ್ಯತ್ಯಾಸ — ದೊರೆಯ ಪೆನ್ನಿನ ಕ್ಲಿಪ್ಪು ಬಂಡೆ ಸಿಡಿದ ದಿನ ಸ್ವಲ್ಪ ಸೊಟ್ಟಗಾಗಿತ್ತು. ಹೊಸದನ್ನು ಭಾವನ ಕೈಗಿಟ್ಟು, "ಕ್ಲಿಪ್ಪೂ ಸರಿ ಮಾಡಿಸ್ದೆ ಭಾವ" ಅಂದೆ. ಅವರು ಹೆಬ್ಬೆರಳಿನಿಂದ ಅದನ್ನು ಸವರಿದರು. "ಅದ್ಯಾಕ್ ಸರಿ ಮಾಡಿಸ್ದೆ ನಾರಾಯಣ? ಅಂಗೇ ಇರ್ಬೇಕಾಗಿತ್ತು" ಅಂದರು. ಆಮೇಲೆ ನನಗೆ ಬೇಜಾರಾದೀತೆಂದು, "ಓಗ್ಲಿ ಬಿಡು, ಚೆಂದಾಗೈತೆ" ಎಂದು ಜೇಬಿಗೆ ಸಿಕ್ಕಿಸಿಕೊಂಡರು. ಮುಂದಿನ ಸಂಬಳಕ್ಕೂ ಅದೇ ಹೆಮ್ಮೆಯಿಂದ ಸಹಿ ಹಾಕಿದರು.

ನಾನು ಇಲ್ಲಿ ಬಂಗಾರಪೇಟೆಯಲ್ಲಿ ಅಸಲು ಪೆನ್ನಿನಲ್ಲಿ ಬರೆದೆ. ಪಾಠದ ಟಿಪ್ಪಣಿ, ಮಕ್ಕಳ ಅಂಕಪಟ್ಟಿ, ನಿನ್ನ ಮದುವೆಯ ಲಗ್ನಪತ್ರಿಕೆಯ ಒಕ್ಕಣೆ. ನೋಡು, ಅದನ್ನೂ ಅದರಲ್ಲೇ ಬರೆದದ್ದು.

ಆ ಮದುವೆಗೆ ಚಿನ್ನ ಮಾಡಿಸುವಾಗ ಭಾವನಿಗೊಂದು ಯೋಚನೆ ಬಂತು. ನಿಬ್ಬನ್ನು ಕರಗಿಸಿ ನಿನ್ನ ತಾಳಿಗೆ ಸೇರಿಸಬೇಕು. "ನಾನ್ ತೆಗ್ದಿದ್ ಚಿನ್ನ ನನ್ ಮಗ್ಳ ಕೊಳ್ಳಾಗಿರ್ಲಿ." ನಮ್ಮ ಗಣಿಯ ಚಿನ್ನವೇ ಎಲ್ಲೋ ಹೋಗಿ ನಿಬ್ಬಾಗಿ ತಮ್ಮ ಜೇಬಿಗೆ ವಾಪಸು ಬಂದಿದೆ ಎಂದೇ ಅವರು ನಂಬಿದ್ದರು. ಬೇಡ ಭಾವ, ದೊರೆ ಕೊಟ್ಟದ್ದು, ಹಾಗೇ ಇರಲಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಜೊತೆಗೆ ನನ್ನನ್ನೂ ಕರೆದರು. ಹೋದೆ.

ಬಂಗಾರಪೇಟೆಯ ಚಿನ್ನದ ಆಚಾರಿ ನಿಬ್ಬನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ಡಿನ ಹನಿ ಇಟ್ಟ. ಗೆರೆ ಹೊರಟುಹೋಯಿತು. ಇನ್ನೊಂದು ಸಲ ಉಜ್ಜಿದ. ಅದೂ ಹೋಯಿತು. "ಏನಣ್ಣಾ, ಜೀವ್ಮಾನೆಲ್ಲ ಚಿನ್ನ ತೆಗ್ದೋನು ಇತ್ತಾಳೆ ತಂದಿದ್ದೀಯಲ್ಲಣ್ಣಾ!" ಅಂದ. ಕೆಟ್ಟ ಮನುಷ್ಯನೇನಲ್ಲ, ತಮಾಷೆಗೆ ಅಂದ. ಅಂಗಡಿಯಲ್ಲಿದ್ದವರು ನಕ್ಕರು. ಗಣಿಯೊಳಗೆ ಅದು ಚಿನ್ನವಾಗಿರುವುದಿಲ್ಲ ಪದ್ಮಾ, ಕಲ್ಲಾಗಿರುತ್ತದೆ. ಚಿನ್ನ ಹೇಗಿರುತ್ತದೆ ಎಂದು ನಿನ್ನ ಅಪ್ಪನಿಗೆ ಗೊತ್ತಿರಲಿಲ್ಲ.

ಅವರು ನಿಬ್ಬನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. "ನಾನೇನ್ ಕೇಳಿದ್ನಾ?" ಅಂದರು. "ಬರೀ ಕೈ ಇಡ್ಕೊಂಡಿದ್ರೆ ಸಾಕಾಗಿತ್ತು. ಚಿನ್ನ ಅಂತ ಯಾಕಂದ್ರು?"

ನನ್ನನ್ನೇ ಕೇಳಿದ್ದು ಅದು. ಪಕ್ಕದಲ್ಲಿದ್ದವನು ನಾನು, ಓದಿದವನು ನಾನು. ಆಗ ಹೇಳಬಹುದಿತ್ತು. ಅಸಲು ಪೆನ್ನು ನನ್ನ ಮನೆಯ ಮೇಜಿನ ಮೇಲಿತ್ತು — ನಡೆದರೆ ಒಂದು ಬೀಡಿ ಮುಗಿಯುವ ದೂರ. ನಾನು ಸುಮ್ಮನಿದ್ದಿದ್ದರೂ ಒಂದು ರೀತಿ. ಸುಮ್ಮನಿರಲಿಲ್ಲ. "ದೊಡ್ಡೋರು ಕೊಡೋದು ಇಷ್ಟೇ ಕಣ್ ಭಾವ" ಅಂದೆ.

ಪೆನ್ನು ಕದ್ದದ್ದು ಆಸೆಗೆ. ಈ ಮಾತು — ಇದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಒಬ್ಬ ಮನುಷ್ಯ ತನ್ನ ಪ್ರಾಣ ಉಳಿಸಿದವನಿಗೆ ತನ್ನಲ್ಲಿದ್ದ ಒಳ್ಳೆಯದನ್ನು ಕೊಟ್ಟಿದ್ದ. ನಾನು ಅವನನ್ನು ಒಂದು ವಾಕ್ಯದಲ್ಲಿ ಕಳ್ಳ ಮಾಡಿದೆ.

ಅಲ್ಲಿಂದ ಮುಂದೆ ಭಾವ ಗುಮಾಸ್ತ ಕೊಟ್ಟ ಪೆನ್ನಿನಲ್ಲೇ ಸಹಿ ಹಾಕಿದರು. ಯಾರಾದರೂ ದೊರೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಅದೇ ಲೈನಿನಲ್ಲಿ ಒಬ್ಬಿಬ್ಬರು, ಮುನಿವೆಂಕಟಪ್ಪನೇ ಚಿನ್ನದ ನಿಬ್ಬು ಮಾರಿಕೊಂಡು ನಾಟಕ ಆಡುತ್ತಾನೆ ಎಂದೂ ಅಂದರು. ಅದೂ ಅವರ ಕಿವಿಗೆ ಬಿತ್ತು. ನನಗೂ ಬಿತ್ತು.

ವರ್ಷಗಳಾದ ಮೇಲೆ, ಭಾವ ಕೆಲಸ ಬಿಟ್ಟು ಕೆಮ್ಮುತ್ತಾ ಮನೆಯಲ್ಲಿ ಕೂತಿದ್ದ ಕಾಲ. ಅಕ್ಕನಿಗೆ ಜ್ವರ ಎಂದು ತಿಳಿದು ಸ್ಕೂಲಿನಿಂದ ನೇರವಾಗಿ ರೈಲು ಹತ್ತಿದ್ದೆ. ಜೇಬಿನಲ್ಲಿ ಆ ಪೆನ್ನಿತ್ತು. ಸಾಮಾನ್ಯವಾಗಿ ಅದನ್ನು ಆ ಊರಿಗೆ ಒಯ್ಯುತ್ತಿರಲಿಲ್ಲ, ಅವತ್ತು ಮರೆತೆ. ಭಾವ ಪೆನ್ನುಗಳ ಕಡೆ ನೋಡುವುದನ್ನೇ ಬಿಟ್ಟಿದ್ದರಿಂದ ನನಗೂ ಎಚ್ಚರ ತಪ್ಪಿತ್ತು. ಲೈನಿನ ಕೊನೆಗೆ ಒಂದು ಕಾರು ನಿಂತಿತು. ಕೋಲೂರಿಕೊಂಡು ಕುಂಟುತ್ತಾ ಒಬ್ಬ ಮುದುಕರು ಬರುತ್ತಿದ್ದರು. ಕಿಟಕಿಯಿಂದ ನೋಡಿದ ಭಾವ ಎದ್ದರು. "ನಾನಿಲ್ಲ ಅಂತ ಯೋಳು" ಎಂದು ಒಳಕೋಣೆಗೆ ಹೋದರು.

ಬಾಗಿಲಲ್ಲಿ ನಿಂತು, ನಾನು ಅವರ ಭಾಮೈದ, ಬಂಗಾರಪೇಟೆಯಲ್ಲಿ ಮೇಷ್ಟ್ರು, ಭಾವ ಊರಿಗೆ ಹೋಗಿದ್ದಾರೆ ಎಂದೆ. ದೊರೆಯ ಮುಖ ಇಳಿದುಹೋಯಿತು. ಕಿವಿ ಮಂದವಾಗಿತ್ತು ಅವರಿಗೆ, ಎರಡು ಸಲ ಹೇಳಬೇಕಾಯಿತು. ತಿರುಗಿ ಹೊರಡುವವರು ನನ್ನ ಜೇಬು ನೋಡಿದರು.

"ಇದು ನನ್ ಪೆನ್ ಅಲ್ವಾ?"

ಕೈ ಚಾಚಿದರು. ಕೊಟ್ಟೆ. ಕ್ಯಾಪು ತೆಗೆದು ನಿಬ್ಬನ್ನು ಬೆಳಕಿಗೆ ಹಿಡಿದರು. ಕಿವಿ ಕೇಳದವರು ಮಾತಾಡುವ ಹಾಗೆ, ಕೂಗಿ, "ನೋಡಿ, ಚಿನ್ನ ಹಾಗೇ ಇದೆ! ನಿಮಗೆ ಕೊಟ್ಟುಬಿಟ್ಟನಾ? ಒಳ್ಳೇದಾಯ್ತು ಬಿಡಿ, ಮೇಷ್ಟ್ರು ಕೈಗೆ ಸೇರಿತು. ನಾನ್ ಬಂದಿದ್ದೆ ಅಂತ ಹೇಳಿ ಅವನಿಗೆ" ಅಂದರು. ಪೆನ್ನನ್ನು ತಾವೇ ನನ್ನ ಜೇಬಿಗೆ ಸಿಕ್ಕಿಸಿ ಹೋದರು.

ಒಳಕೋಣೆಗೂ ನಡುಮನೆಗೂ ಮಧ್ಯೆ ಇದ್ದದ್ದು ಒಂದು ಹಳೇ ಸೀರೆಯ ಪರದೆ. ಭಾವ ಹೊರಗೆ ಬಂದರು. ನನ್ನನ್ನು ದಾಟಿಕೊಂಡು ಬರಿಗಾಲಲ್ಲಿ ಬೀದಿಗಿಳಿದರು. ಓಡಲು ಅವರಿಗೆ ಉಸಿರೆಲ್ಲಿತ್ತು? ಕೆಮ್ಮುತ್ತಾ, ಗೋಡೆ ಹಿಡಿದು, ನಿಂತು, ಮತ್ತೆ ನಡೆದು ಲೈನಿನ ಕೊನೆ ಮುಟ್ಟುವಷ್ಟರಲ್ಲಿ ಕಾರು ಹೋಗಿತ್ತು. ನನ್ನ ಕಾಲು ಚೆನ್ನಾಗಿತ್ತು. ನಾನು ಓಡಿ ಕಾರು ನಿಲ್ಲಿಸಬಹುದಿತ್ತು. ಹೊಸಿಲಲ್ಲೇ ನಿಂತಿದ್ದೆ. ದೊರೆ ಮತ್ತೆ ಬರಲಿಲ್ಲ. ಮದ್ರಾಸಿನಲ್ಲಿ ತೀರಿಕೊಂಡರು ಎಂದು ಆಮೇಲೆ ಯಾರೋ ಹೇಳಿದರು.

ಭಾವ ವಾಪಸು ಬಂದು ಕೂತರು. ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ಕೆನ್ನೆಗೊಂದು ಹೊಡೆಯಲಿ ಎಂದು ಕಾದೆ. "ಊಟ ಮಾಡ್ಕೊಂಡು ಓಗು" ಅಂದರು. ಅಕ್ಕ ಜ್ವರದಲ್ಲೂ ಎದ್ದು ಮುದ್ದೆ ಹಾಕಿದಳು. ತಿಂದೆ. ಇನ್ನೊಂದು ಮುದ್ದೆಗೂ ಬೇಡ ಅನ್ನಲಿಲ್ಲ.

ಎಂದಿನಂತೆ ಸ್ಟೇಷನ್ನಿನವರೆಗೂ ಬಂದರು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ. ಮಾರಿಕುಪ್ಪಂ ಕಡೆಯಿಂದ ಗಾಡಿ ಬಂತು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದುಕೊಂಡು, ಮೊದಲ ಸಲ ನನ್ನ ಮುಖ ನೋಡಿದರು.

"ಪದ್ಮಂಗೆ ಯೋಳ್ಬೇಡ ನಾರಾಯಣ. ಮಾವ ಅಂದ್ರೆ ದೇವ್ರು ಅಂದ್ಕೊಂಡವ್ಳೆ."

ಅದಾದ ಮೇಲೂ ಅವರು ಬದುಕಿದ್ದಷ್ಟು ದಿನ ನೀನು ಅವರ ಎದುರಿಗೇ ದೊರೆಯನ್ನು ಆಡಿಕೊಂಡು ನಕ್ಕಿದ್ದೀಯೆ. ಅವರು ತಟ್ಟೆ ನೋಡಿಕೊಂಡು ಕೂತಿರುತ್ತಿದ್ದರು. ತಮ್ಮ ದೊರೆಯ ಮಾನ ಹೋದರೂ ನನ್ನ ಮಾನ ಉಳಿಯಲಿ ಎಂದು. ಅವರು ಹೋದ ಮೇಲೂ ನಾನು ಆ ಮಾತು ನಡೆಸಿದೆ. ಅವರಿಗೆ ಕೊಟ್ಟ ಮರ್ಯಾದೆ ಎಂದುಕೊಂಡೇ ನಡೆಸಿದೆ.

ಮರ್ಯಾದೆಯಲ್ಲ ಪದ್ಮಾ. ನನಗೆ ಅದು ಅನುಕೂಲವಾಗಿತ್ತು.