ಎರಡು ಸಲ ಬಿದ್ದ ಉಪ್ಪು

“ನೂರು ಮಕ್ಕಳಿಗೆ ಉಣಸೋ ಯಲ್ಲವ್ವ, ತಾ ಮಾತ್ರ ಗಾಳಿ ತಿಂದು ಬದಕ್ತಾಳ ನೋಡ್ರಿ,” ಎನ್ನುತ್ತಿದ್ದರು ಯಂಕಂಚಿಯ ಓಣಿಯವರು. ಕೆಲವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. “ಗಾಳಿ ತಿಂದ್ರ ಆ ಮೈ ಬರ್ತೈತೇನು? ಸಾಲಿ ಬ್ಯಾಳಿ ಯಾರ ಹೊಟ್ಟಿಗಿ ಹೋಗ್ತೈತಿ, ಕೇಳ್ರಿ.”

ಯಲ್ಲವ್ವನ ಬಾಳನ್ನು ನಡೆಸಿದ್ದು ಈ ಎರಡನೆಯ ಮಾತೇ. ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದ ಮೊದಲ ವಾರ ಒಬ್ಬ ಪಾಲಕ ಅವಳ ಕೈಚೀಲ ಕಸಿದು ತೆರೆದು ನೋಡಿದ್ದ. ಒಳಗಿದ್ದದ್ದು ಎಲೆ, ಅಡಿಕೆ. ಅಂದೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು: ಈ ಒಲೆಯ ಮೇಲಿನ ಒಂದು ಅಗುಳೂ ನನ್ನ ಬಾಯಿಗೆ ಬರಕೂಡದು. ರುಚಿ ನೋಡುವುದಕ್ಕೂ ಇಲ್ಲ. ಹದಿನೆಂಟು ವರ್ಷ ಹೀಗೇ ನಡೆಯಿತು. ಬೆಳಗಿನಿಂದ ಬೈಗಿನವರೆಗೆ ಅವಳ ಹೊಟ್ಟೆಗೆ ಬೀಳುತ್ತಿದ್ದದ್ದು ತುಟಿ ಅಂಟುವಷ್ಟು ಸಕ್ಕರೆಯ ಚಹಾ, ಅದರಲ್ಲಿ ಅದ್ದಿದ ಖಾರಿ ಬಿಸ್ಕತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಅದೇ. ಒಬ್ಬಳಿಗಾಗಿ ರೊಟ್ಟಿ ಬಡಿಯುವವರು ಯಾರು?

ಐವತ್ತೆಂಟು ದಾಟಿದ ವರ್ಷ ಸಾರು ಕೆಡತೊಡಗಿತು. ಒಂದು ದಿನ ಉಪ್ಪು ಎಷ್ಟಾಯಿತೆಂದರೆ ಮಕ್ಕಳು ತಟ್ಟೆ ಸರಿಸಿ ನಳದ ಕಡೆ ಓಡಿದರು. ಹದಿನೈದು ದಿನಕ್ಕೆ ಮತ್ತೆ ಹಾಗೇ ಆಯಿತು. ಯಲ್ಲವ್ವನ ಕಣ್ಣು ಸೀದಾ ಜೊತೆಗಾತಿ ಗೌಸಬಿಯ ಮೇಲೆ ಹೋಯಿತು. ಬಂದು ಎರಡೇ ವರ್ಷ, ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಅವಳಿಗೆ ಮುಖ್ಯ ಅಡುಗೆಯವಳಾಗುವ ಆಸೆ ಇರದೆ ಇದ್ದೀತೆ?

“ಉಪ್ಪು ನೀ ಹಾಕಿದೇನ?”

“ನೀನ ಹಾಕೀದಿ ಯಕ್ಕಾ. ನನ್ನ ಎದರಿಗೇ ಹಾಕೀದಿ.”

“ನಾ ಹಾಕೂದು ನೋಡಿ, ಹಿಂದಿಂದ ನೀನೂ ಒಂದು ಹಿಡಿ ಒಗದೀದಿ.”

“ಹೂಂ, ನನಗೇನ ಬ್ಯಾರೆ ಕೆಲಸ ಇಲ್ಲ, ನಿನ್ನ ಸಾರ ಕೆಡಸಾಕ ಕುಂತೀನಿ,” ಎಂದು ಗೌಸಬಿ ಬದನೆಕಾಯಿ ಹೆಚ್ಚತೊಡಗಿದಳು.

ಯಲ್ಲವ್ವ ಹೆಡ್‌ಮಾಸ್ತರ ಬಸಂತರಾಯರ ಕಿವಿಗೆ ಹಾಕಿದಳು. ಇನ್ನೊಂದು ಸಲ ಹೀಗಾದರೆ ಗೌಸಬಿಯನ್ನು ತೆಗೆಯುವ ಮಾತು ಶಾಲಾ ಸಮಿತಿಯ ಮುಂದಿಡುತ್ತೇನೆ ಎಂದರು ಅವರು.

ಅಷ್ಟರಲ್ಲಿ ಅಡುಗೆಯವರ ತಪಾಸಣೆಗೆ ದೇವರ ಹಿಪ್ಪರಗಿಯಿಂದ ಡಾಕ್ಟರ್ ವಿಜಯಶ್ರೀ ಬಂದರು. ರಕ್ತ ತೆಗೆದರು. ಐದು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಯಲ್ಲವ್ವನಿಗೆ ನೆನಪಾದದ್ದು ಎರಡೇ. ವಾರದ ನಂತರ ಮತ್ತೆ ಕರೆಸಿದರು.

“ಸಕ್ಕರಿ ಏರೇತಿ. ಬಿ-ಹನ್ನೆರಡು ಅನ್ನೋ ಜೀವಸತ್ವ ತೀರಾ ಇಳದೈತಿ. ಎರಡೂ ನೆನಪು ಕೆಡಸ್ತಾವ. ಮಿದುಳಿನ್ಯಾಗ ಹೊಸ ಕೋಶ ಹುಟ್ಟಸೋ ತಾಯಿಕೋಶ ಅಂತ ಇರ್ತಾವ. ಇಲಿಗೆ ಬರೇ ಸಿಹಿ, ಜಿಡ್ಡು ತಿನಿಸಿದ್ರ ಅವು ಸೊರಗ್ತಾವ ಅಂತ ಕಂಡಾರ. ಮನಷ್ಯಾರಿಗೆ ಅದು ಎಷ್ಟು ಖರೆ ಅಂತ ಇನ್ನೂ ಹುಡಕಾಕತ್ತಾರ. ಆದ್ರ ಚಹಾ-ಖಾರಿ ಊಟ ಅಲ್ಲಬೇ. ಔಷಧ ತಗೋ, ರೊಟ್ಟಿ, ಕಾಳು, ಸೊಪ್ಪು, ಮೊಸರು ತಿನ್ನು. ಇನ್ನೂ ತಡಾ ಆಗಿಲ್ಲ.”

“ನಾ ಇಲಿ ಅಲ್ರಿ. ನಿಮಗ ಗೌಸಬಿ ಹೇಳಿ ಕಳಿಸ್ಯಾಳೇನು?” ಎಂದು ಯಲ್ಲವ್ವ ಎದ್ದು ಬಂದಳು.

ಕಳ್ಳಿಯನ್ನು ಹಿಡಿಯಲೇಬೇಕಿತ್ತು. ಡಬ್ಬಿಯ ಉಪ್ಪು ತೀರಿದಾಗ ಹೊಸ ಪಾಕೀಟು ಒಡೆದು ಡಬ್ಬಿಗೆ ಸುರಿಯಲಿಲ್ಲ. ಅದರಿಂದಲೇ ವಾರದ ಆರು ದಿನಕ್ಕೆ, ದಿನಕ್ಕೊಂದರಂತೆ, ಆರು ಪೊಟ್ಟಣ ಕಟ್ಟಿ, ಯಾರಿಗೂ ಹೇಳದೆ ಸೊಂಟದ ಚೀಲದಲ್ಲಿ ಇಟ್ಟುಕೊಂಡಳು. ಅಡುಗೆಮನೆಯಲ್ಲಿ ಬೇರೆ ಒಂದು ಹರಳು ಉಪ್ಪೂ ಇರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ಸಾರು ಸರಿಯಾಯಿತು. ಗೌಸಬಿಯ ಆಟ ನಿಂತಿತು ಎಂದು ಹಿಗ್ಗಿದಳು. ಗುರುವಾರ ಮಕ್ಕಳು ಮತ್ತೆ ನಳಕ್ಕೆ ಓಡಿದರು. ಬಸಂತರಾಯರು ಮರುದಿನಕ್ಕೇ ಸಮಿತಿಯ ಸಭೆ ಕರೆದರು.

ಯಲ್ಲವ್ವ ಉಗ್ರಾಣದ ಬಾಗಿಲು ಮುಂದೆ ಮಾಡಿ ಚೀಲ ಬಿಚ್ಚಿದಳು. ಎರಡು ಪೊಟ್ಟಣ ಇರಬೇಕಿತ್ತು. ಒಂದೇ ಇತ್ತು. ಚೀಲ ತಿರುವಿ ಕೊಡವಿದಳು, ಸೀರೆಯ ನೆರಿಗೆ ಹುಡುಕಿದಳು. ಆಮೇಲೆ ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ತಾನು ಸುಮ್ಮನಿದ್ದರೆ ಗೌಸಬಿ ಹೋಗುತ್ತಾಳೆ, ತಾನು ಉಳಿಯುತ್ತಾಳೆ. ಪೊಟ್ಟಣದ ಮಾತು ಯಾರಿಗೂ ಗೊತ್ತಿಲ್ಲ.

ಬೆಳಿಗ್ಗೆ ಗೌಸಬಿ ಅವಳ ಹೊಸ್ತಿಲ ಮುಂದೆ ನಿಂತಿದ್ದಳು.

“ಸಮಿತಿ ಮುಂದ ಏನ ಹೇಳಾಕಿ?”

“ಇದ್ದದ್ದ ಹೇಳ್ತೇನಿ.”

“ಏನ ಇದ್ದದ್ದು?”

“ಉಪ್ಪು ನಾನ ಎರಡ ಸಲ ಹಾಕೀನಂತ. ನನ್ನ ಬಾಜೂಕ ನಿಂದ್ರು. ಅಲ್ಲಿ ಹೋಗೂದ್ರಾಗ ಮರತ್ರ ನೀ ನೆನಪ ಮಾಡು.”

ಗೌಸಬಿ ನಂಬಲಿಲ್ಲ. ಇದರಲ್ಲೂ ಏನೋ ಮಸಲತ್ತು ಇದೆ ಎಂಬಂತೆ ಅವಳ ಮುಖವನ್ನೇ ನೋಡಿದಳು. ಯಲ್ಲವ್ವ ಬಾಗಿಲಿಗೆ ಚಿಲಕ ಹಾಕಿ ಅಂಗಳಕ್ಕೆ ಇಳಿದಳು. ಅಡುಗೆಯವಳಾಗಿ ಅವಳು ಆ ಮನೆ ಬಿಟ್ಟು ಹೊರಟದ್ದು ಅದೇ ಕಡೆಯ ಸಲ.