ಚೌಕದ ಮೂರನೆಯ ಮೆಟ್ಟಿಲು

ಗೌಂಡಿ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ಮಮದಾಪುರದಲ್ಲಿ ಯಾರ ಹೊಸ ಮನೆಗೆ ಹೋದರೂ ಮೊದಲು ಆ ಬೆರಳನ್ನು ಹೊಸ್ತಿಲ ಮೇಲೆ ಎಳೆದು ನೋಡುತ್ತಿದ್ದರು, ಚಹಾ ಆಮೇಲೆ. ಅವರು ಕಟ್ಟಿದ ಗೋಡೆಯನ್ನು ಯಾರಾದರೂ ಹೊಗಳಿದರೆ, “ಒಂದ್ ಮಳಿ ಆಗ್ಲಿ, ಆಮ್ಯಾಲ ಹೇಳ್ರಿ” ಎನ್ನುತ್ತಿದ್ದರು.

ನಮ್ಮ ಬಾಜೂ ಮನೆಯವರು. ನಮ್ಮ ಕಡೆಯ ಎಷ್ಟೋ ಜನರಂತೆ ಅವರೂ ಗೋವಾದಲ್ಲಿ ಹಲವು ವರ್ಷ ಕೆಲಸ ಮಾಡಿದ್ದರು. ಒಂದು ಮಳೆಗಾಲದ ನಡುವೆ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ.

ನಾನು ಹುಕ್ಕೇರಿಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಗೋವಾದ ಒಂದು ಸಣ್ಣ ಊರಿನಲ್ಲಿ ಪೋರ್ಚುಗೀಸರ ಕಾಲದ ಚೌಕವಿದೆ, ನೋಡಲು ಹೊರಟಿದ್ದೇನೆ ಎಂದಾಗ ಕಾಕಾ ಊರ ಹೆಸರು ಕೇಳಿದರು. ಹೇಳಿದೆ. “ನಾನೂ ಬರ್ತೀನ್ರಿ ಮಾಸ್ತರ” ಎಂದರು. ಬಸ್ಸಿನಲ್ಲಿ ಅವರ ಕೈಚೀಲ ಕಬ್ಬಿಣದ ಸದ್ದು ಮಾಡುತ್ತಿತ್ತು.

ಚೌಕದ ಒಂದು ಕಡೆ ಬಿಳಿಯ ಇಗರ್ಜಿ, ಉಳಿದ ಮೂರು ಕಡೆ ಹಂಚಿನ ಮನೆಗಳು, ನಡುವೆ ಕಲ್ಲಿನ ಶಿಲುಬೆ. ಇಗರ್ಜಿಯ ಮುಂದೆ ಐದು ಅಗಲವಾದ ಮೆಟ್ಟಿಲು. ನಾನು ಫೋಟೊ ತೆಗೆಯುತ್ತಿದ್ದೆ. ಕಾಕಾ ಯಾವುದನ್ನೂ ನೋಡದೆ ನೇರ ಮೂರನೆಯ ಮೆಟ್ಟಿಲಿಗೆ ಹೋಗಿ, ಬಾಟಲಿಯ ನೀರು ಸುರಿದರು. ನೀರು ಮುಂದಕ್ಕೆ ಹರಿಯದೆ ಹಿಂದಿನ ಮೂಲೆಯಲ್ಲಿ ನಿಂತಿತು.

“ಇದನ್ನ ಕೂಡಿಸಿದಾಂವ ನಾನ,” ಎಂದರು. “ದುರಸ್ತಿ ನಡದಿತ್ತು. ಕಲ್ಲ ಹಿಂದಕ್ಕ ವಾಲಿತ್ರಿ. ತಗದ್ ಮತ್ತ ಕೂಡಸ್ತೀನಿ ಅಂದೆ, ಕೆಲಸಾ ಮಾಡಸೂ ಮುಕಾದಮ ಬ್ಯಾಡ ಅಂದ. ನಾನೂ ಸುಮ್ನಾದೆ.”

ಆ ಮಳೆಗಾಲದಲ್ಲಿ ಅಲ್ಲಿ ಪಾಚಿ ಕಟ್ಟಿತು. ಪ್ರಾರ್ಥನೆ ಮುಗಿಸಿ ಇಳಿಯುತ್ತಿದ್ದ ಹೆಂಗಸೊಬ್ಬಳು ಜಾರಿಬಿದ್ದು ಸೊಂಟ ಮುರಿದುಕೊಂಡಳು. ಎತ್ತಿದವರಲ್ಲಿ ಕಾಕಾನೂ ಒಬ್ಬರು. ಮರುದಿನವೇ ಊರಿನ ಬಸ್ಸು ಹತ್ತಿದ್ದರು.

“ಬಿಡ್ರಿ ಕಾಕಾ, ಈಗ ಹೇಳಿ ಏನಾಗೂದೈತಿ?” ಎಂದೆ. ಅಷ್ಟರಲ್ಲಿ ಅವರು ಎದುರಿಗಿದ್ದ ಆ ಹೆಂಗಸಿನ ನೀಲಿ ಕಿಟಕಿಯ ಮನೆಯ ಬಾಗಿಲಲ್ಲಿದ್ದರು.

ಆಕೆ ಬದುಕಿದ್ದಳು. ತುಂಬಾ ಮುದುಕಿ, ಕುರ್ಚಿಯ ಪಕ್ಕದಲ್ಲಿ ಊರುಗೋಲು. ಕಾಕಾ ಅರ್ಧ ಕೊಂಕಣಿ, ಅರ್ಧ ಹಿಂದಿಯಲ್ಲಿ ಎಲ್ಲ ಹೇಳಿದರು. ಆಕೆ ಅವರನ್ನೇ ನೋಡುತ್ತಾ ಕೇಳಿ, ಕೊನೆಗೆ ನಕ್ಕಳು. “ಅವತ್ತು ನನ್ನ ಚಪ್ಪಲಿ ಹರಿದಿತ್ತು, ತಪ್ಪನ್ನು ಕಲ್ಲಿನ ಮೇಲೆ ಯಾಕೆ ಹಾಕುತ್ತೀಯ?” ಎಂದಳು.

ಹೊರಗೆ ಬಂದಾಗ ನಾನು, “ಕೇಳಿದ್ರಲ್ಲ, ಚಪ್ಪಲಿದ ತಪ್ಪಂತ” ಎಂದೆ.

“ಹರದ ಚಪ್ಪಲಿ ಹಾಕ್ಕೊಂಡಾವ್ರೂ ನಡಿಯೂ ಜಾಗಾರಿ ಅದು,” ಎಂದರು ಕಾಕಾ.

ಪಾದ್ರಿಯನ್ನು ಕರೆತಂದು ನಿಂತ ನೀರು ತೋರಿಸಿದರು. ಕಲ್ಲು ಕೀಳುವುದು ಬೇಡ, ಬೇಕಾದಷ್ಟೇ ಕೆತ್ತು ಎಂದು ಪಾದ್ರಿ ಒಪ್ಪಿದ. ಮರುದಿನ ಮುಂಜಾನೆ ಕಾಕಾ ಚೀಲದಿಂದ ಉಳಿ, ಸುತ್ತಿಗೆ ತೆಗೆದು ಕೂತರು. ಹಿಂದಿನ ಮೂಲೆಯಿಂದ ಮುಂದಿನ ಅಂಚಿನವರೆಗೆ ಸಣ್ಣ ಕಾಲುವೆ ಕಡಿದರು. ನುಣ್ಣಗಾಗಿದ್ದ ಮೇಲ್ಮೈಯನ್ನು ಒರಟು ಮಾಡಿದರು. ಇಗರ್ಜಿಗೆ ಹೋಗುವವರು ಪಕ್ಕಕ್ಕೆ ಸರಿದು ಹತ್ತಿದರು. ಮಧ್ಯಾಹ್ನ ಮತ್ತೆ ನೀರು ಸುರಿದರು. ಹರಿಯಿತು. ವಾಪಸ್ ಬರುವಾಗ ಬೆಳಗಾವಿಯವರೆಗೂ ಬಸ್ಸಿನಲ್ಲಿ ನಿದ್ದೆ ಮಾಡಿದರು.

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಕೆಲವು ವಾರ ನನಗೆ ಒಂದೇ ವಿಚಾರ. ಕೊನೆಗೆ ಒಂದು ದಿನ ಶಾಲೆಗೆ ಹೋಗುವ ಬಸ್ಸು ಬಿಟ್ಟು ಮೂಡಲಗಿಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ದುರಸ್ತಿ ಅಂಗಡಿ ಇಟ್ಟಿದ್ದಾನೆ. ಹತ್ತನೆಯ ತರಗತಿಯಲ್ಲಿದ್ದಾಗ ಕಾಪಿ ಮಾಡಿದನೆಂದು ಎಲ್ಲರೆದುರು ಅವನನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದ್ದೆ. ಚೀಟಿ ಬೇರೆಯವನದೆಂದು ಎರಡೇ ದಿನದಲ್ಲಿ ಗೊತ್ತಾಗಿತ್ತು. ನಾನು ಸುಮ್ಮನಿದ್ದೆ.

ಅದನ್ನು ಹೇಳಿದೆ. ಅವನು ಕೈಯಲ್ಲಿದ್ದ ಫೋನು ಕೆಳಗಿಟ್ಟ.

“ಸರ್, ಇದನ್ನ ನಮ್ಮಪ್ಪಗ ಒಂದ್ಸಲ ಹೇಳ್ತೀರೇನ್ರಿ? ಅಂವಾ ಇನ್ನೂ ನಾನ ಕಾಪಿ ಮಾಡಿದ್ದೆ ಅಂತ ತಿಳಕೊಂಡಾನ.”

ಅಂಗಡಿಯ ಶಟರ್ ಎಳೆದ. ಅವನ ಗಾಡಿಯ ಹಿಂದೆ ಕೂತು, ಅವನಪ್ಪ ಇರುವ ಕಲ್ಲೋಳಿಗೆ ಹೋದೆ.